ಸೌರ ಬಿರುಗಾಳಿಯೂ ತಗಡಿನ ಹಂದರವೂ

ಏಪ್ರಿಲ್ ೨೧, ರವಿವಾರ

ಇಂದೂ ಸೂರ್ಯ ಏನೂ ಮಾಡಲಿಲ್ಲ.

ಧಾರವಾಡ ಜಿಲ್ಲೆಯ ಸಮಸ್ತ ಪ್ರಜೆಗಳು ತಲೆಗೆ ಟವೆಲ್ ಸುತ್ತಿಕೊಂಡು ‘ಏನ್ ಬಿಸಲರೀ ಇದು’ ಎಂದು ಅವನನ್ನು ಬೈಯುತ್ತಿರುವಾಗ, ‘ಇನ್ನೊಂದಿಷ್ಟು ಸಿಡಿಯಪ್ಪಾ ತಂದೆ’ ಎಂದು ಕೈ ಮುಗಿಯುವವನು ನವನಗರದಲ್ಲಿ ನಾನೊಬ್ಬನೇ ಇರಬೇಕು. ಈ ದಿನಚರಿ ಮುಂದೆಂದಾದರೂ ಪುರಾತತ್ವ ಇಲಾಖೆಯವರ ಕೈಗೆ ಸಿಕ್ಕರೆ ಅವರಿಗೆ ತೊಂದರೆಯಾಗದಿರಲೆಂದು ಬರೆದಿಡುತ್ತೇನೆ: ಹೆಸರು ಏಕನಾಥ, ವಯಸ್ಸು ಐವತ್ತೊಂದು, ಉದ್ಯೋಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು, ಸಂಸಾರ ಇಲ್ಲ, ಪಿಎಚ್.ಡಿ. ಇನ್ನೂ ಆಗಿಲ್ಲ.

ವಿಷಯ, ‘ಸೌರ ಕ್ಷೋಭೆಯ ಕಾಲದಲ್ಲಿ ಮೇಲಿನ ವಾತಾವರಣದ ಅಯಾನುಗಳ ಅಳತೆ’. ಎಂಟು ವರ್ಷದ ಹಿಂದೆ ನೋಂದಣಿ ಮಾಡಿಸಿದೆ. ಅದೇ ಹೊತ್ತಿಗೆ ಸೂರ್ಯನಿಗೆ ಜೊಂಪು ಹತ್ತಿತು. ಹನ್ನೊಂದು ವರ್ಷಕ್ಕೊಮ್ಮೆ ಅವನು ಕೆರಳುತ್ತಾನೆ, ನಡುವಿನ ವರ್ಷಗಳಲ್ಲಿ ತಣ್ಣಗಿರುತ್ತಾನೆ ಎಂದು ನಾನೇ ಬಿ.ಎಸ್ಸಿ. ಹುಡುಗರಿಗೆ ಪಾಠ ಮಾಡುತ್ತೇನೆ. ನೋಂದಣಿಯ ದಿನ ಮಾತ್ರ ನೆನಪಾಗಲಿಲ್ಲ. ಅಂತೂ ಎದ್ದ. ಕಳೆದ ವರ್ಷ ಸಿಡಿದಾಗ ನನ್ನ ಯಂತ್ರ ದುರಸ್ತಿಗೆ ಹೋಗಿತ್ತು. ಈ ಮಾರ್ಚ್‌ನಲ್ಲಿ ಸಿಡಿದಾಗ ಇಲಿ ತಂತಿ ಕಡಿದಿತ್ತು. ಜೂನ್ ಕೊನೆಗೆ ನನ್ನ ಅವಧಿ ಮುಗಿಯುತ್ತದೆ. ವಿಸ್ತರಣೆಗಳೆಲ್ಲ ತೀರಿದವು. ನನಗೆ ಬೇಕಾದದ್ದು ಒಂದೇ ಒಂದು ದೊಡ್ಡ ಸೌರ ಬಿರುಗಾಳಿ, ಮತ್ತು ಅದರ ಆರಂಭದಿಂದ ಅಂತ್ಯದವರೆಗೆ ತುಂಡಾಗದ ದಾಖಲೆ.

ನನ್ನ ಮಾರ್ಗದರ್ಶಕಿ ಡಾ. ರಜನಿ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಅಂದು ಅವಳ ಪ್ರಯೋಗದ ವಹಿಯಲ್ಲಿ ಕೆಂಪು ಶಾಯಿಯಿಂದ ‘ಮತ್ತೆ ಮಾಡು’ ಎಂದು ಬರೆಯುತ್ತಿದ್ದೆ. ಇಂದು ಅವರು ನನ್ನ ಕರಡಿನ ಮೇಲೆ ಹಸಿರು ಶಾಯಿಯಿಂದ ‘ಮತ್ತೆ ಮಾಡಿ ಸರ್’ ಎಂದು ಬರೆಯುತ್ತಾರೆ. ಬಹುವಚನ ಬಂದದ್ದೇ ಪ್ರಗತಿ.

ಕೆಳಗಿನವರದು ಇಂದು ಮಧ್ಯಾಹ್ನವಿಡೀ ಗದ್ದಲ. ಕೆಳಗಿನವರು ಎಂದರೆ ಮನೆಯ ಮಾಲೀಕರು, ಹತ್ತಿ ವ್ಯಾಪಾರದ ನೀಲಕಂಠಪ್ಪನವರು ಮತ್ತು ಅವರ ಪತ್ನಿ ಶಿವಲಿಂಗವ್ವ. ಅವರ ಮಗಳ ಮದುವೆ ಗೊತ್ತಾಯಿತಂತೆ. ನಾನು ಬಾಗಿಲು ಹಾಕಿಕೊಂಡೆ. ಇಷ್ಟು ವರ್ಷ ಇದೇ ಮಹಡಿಯಲ್ಲಿ ಬಾಡಿಗೆಗಿದ್ದು ಕೆಳಗಿನ ಮನೆಯಲ್ಲಿ ಒಂದು ಬಟ್ಟಲು ಚಹಾ ಸಹ ಕುಡಿಯದಿರುವುದು ಸಣ್ಣ ಸಾಧನೆಯಲ್ಲ.

ಏಪ್ರಿಲ್ ೨೭, ಶನಿವಾರ

ಶಿವಲಿಂಗವ್ವ ಮೆಣಸಿನಕಾಯಿ ಒಣಗಿಸಲು ಗಚ್ಚಿಗೆ ಬಂದರು. ಗಚ್ಚಿಯ ನಡುವೆ ನನ್ನ ಆಂಟೆನಾ ಇದೆ. ಸಿಮೆಂಟಿನಲ್ಲಿ ನಿಲ್ಲಿಸಿದ ಕಬ್ಬಿಣದ ಕಂಬ, ಅದರ ತುದಿಗೆ ಬಿಳಿಯ ಗುಮ್ಮಟ. ಕಾಲೇಜಿನ ಮಾಳಿಗೆಯಲ್ಲಿ ಮಂಗಗಳ ಕಾಟವೆಂದು ಇದನ್ನು ಇಲ್ಲಿಗೆ ತಂದಿದ್ದೇನೆ.

‘ಮಾಸ್ತರ, ಈ ಬೋಗುಣಿ ಯಾಕ ಕವುಚಿ ಇಟ್ಟೀರಿ?’

‘ಮ್ಯಾಲೆ ಉಪಗ್ರಹ ಅದಾವರಿ ಅಕ್ಕಾರ. ಅವು ಎರಡೆರಡು ನಮೂನಿ ರೇಡಿಯೊ ಅಲೆ ಕಳಸ್ತಾವ. ನಡುವ ಅಯಾನುಗಳದು ಸಂತಿ ನೆರೆದಿರ್ತದ. ಸೂರ್ಯನ ಹೊಡೆತಕ್ಕ ಎಲೆಕ್ಟ್ರಾನು ಕಳಕೊಂಡು ತಿರಗೋ ಕಣ ಅಂದ್ರ ಅಯಾನು. ಆ ಗದ್ದಲಾ ದಾಟಿ ಬರೋದ್ರಾಗ ಒಂದು ಅಲೆ ಇನ್ನೊಂದಕ್ಕಿಂತ ತುಸು ತಡಾ ಆಗ್ತದ. ಎಷ್ಟು ತಡಾ ಆತು ನೋಡಿದ್ರ, ನಡುವ ಮಂದಿ ಎಷ್ಟಿತ್ತು ಅಂತ ತಿಳೀತದ. ದುರ್ಗದ ಬೈಲಿನ ಸಂತಿಗೆ ಹೋದವರು ಮನಿಗೆ ತಡಾ ಮಾಡಿ ಬಂದಂಗ.’

ಎರಡನೆಯ ಅಧ್ಯಾಯವನ್ನೇ ಸಂತೆಗೆ ಇಳಿಸಿದ ನನ್ನ ಚಾತುರ್ಯಕ್ಕೆ ನಾನೇ ತಲೆದೂಗಿದೆ.

‘ಹಂಗಾರ ಮಳಿ ಯಾವಾಗ ಬರ್ತೈತಿ ಹೇಳ್ರಿ. ಮೆಣಸಿನಕಾಯಿ ತೋಯ್ಬಾರ್ದು.’

‘ಅದು ನನಗ ಗೊತ್ತಾಗೂದಿಲ್ಲರಿ. ಮೋಡ ಕೆಳಗ ಇರ್ತದ. ನನ್ನ ಕೆಲಸ ಅದರಕಿಂತ ಭಾಳ ಮ್ಯಾಲಿಂದು.’

ಅವರು ಒಂದು ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕನಿಕರದಿಂದ ನೋಡಿದರು. ‘ಮೋಡದ ಮ್ಯಾಲಿಂದು ಗೊತ್ತೈತಿ, ಮೋಡಂದು ಗೊತ್ತಿಲ್ಲ! ಇಷ್ಟ ಓದಿ ಏನ್ ಬಂತ್ರಿ ಮಾಸ್ತರ?’

ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಸೂರ್ಯ ಇಂದೂ ಸುಮ್ಮನಿದ್ದ.

ಮೇ ೧, ಬುಧವಾರ

ಘೋರ ಸುದ್ದಿ. ಮದುವೆ ಇದೇ ಮನೆಯಲ್ಲಿ!

ನೀಲಕಂಠಪ್ಪನವರು ತಾವೇ ಮಹಡಿ ಹತ್ತಿ ಬಂದು ಹೇಳಿದರು. ಹತ್ತನೆಯ ತಾರೀಖು ಬಸವ ಜಯಂತಿ, ಅಕ್ಷಯ ತದಿಗೆ. ಅಂದು ಹುಬ್ಬಳ್ಳಿ-ಧಾರವಾಡಗಳ ನಡುವೆ ಖಾಲಿ ಕಲ್ಯಾಣ ಮಂಟಪ ಒಂದೂ ಇಲ್ಲ, ಅಡಿಗೆಯವರಿಲ್ಲ, ಬ್ಯಾಂಡಿನವರಿಲ್ಲ. ಹೀಗಾಗಿ ಮರುದಿನ ಶನಿವಾರ, ಮನೆಯಲ್ಲೇ.

‘ಮುಂದಿನ ಓಣ್ಯಾಗ ಮದವಿ. ಊಟ ಈ ಗಚ್ಚಿ ಮ್ಯಾಲೆ. ಪೂರಾ ತಗಡಿನ ಹಂದರ ಹೊಡಸಾವ ಅದೇನಿ.’

ತಗಡು! ತಗಡಿನ ಕೆಳಗೆ ಆಂಟೆನಾ ಇದ್ದರೆ ಉಪಗ್ರಹದ ಅಲೆ ಅದಕ್ಕೆ ತಲುಪುವುದೇ ಇಲ್ಲ. ಕಂಬ ಕಿತ್ತು ಬೇರೆಡೆ ನೆಟ್ಟರೆ ಹೊಸ ಜಾಗಕ್ಕೆ ಹೊಂದಿಸಿ ಅಳತೆ ಸರಿಪಡಿಸಲು ವಾರಗಟ್ಟಲೆ ಬೇಕು.

‘ಸಾವ್ಕಾರ್ರ, ಈ ತಿಂಗಳು ಸೂರ್ಯ ಸಿಡಿದ್ರ ನನ್ನ ಪಿಎಚ್.ಡಿ. ಆಗ್ತದ. ಸಿಡಿದಾಗ ಮ್ಯಾಲೆ ತಗಡಿದ್ರ ಮುಗದ ಹೋತು.’

‘ಸರ, ಮದವಿ ಒಂದ ಸಲ ಆಕ್ಕೈತ್ರಿ.’

‘ನನಗ ಸೂರ್ಯನೂ ಒಂದ ಸಲ ಸಿಗೋದು.’

ಇಬ್ಬರೂ ಘನತೆಯಿಂದ ಗಚ್ಚಿಯನ್ನು ಹೆಜ್ಜೆ ಹಾಕಿ ಅಳೆದೆವು. ಆಮೇಲೆ ಒಪ್ಪಂದವಾಯಿತು. ಗಚ್ಚಿಯ ಅರ್ಧಕ್ಕೆ ಮಾತ್ರ ಹಂದರ, ಕಂಬದ ಕಡೆಯ ಅರ್ಧ ಬಯಲು. ಮಾಲೀಕರ ಮಗಳು (ಭಾಗ್ಯಶ್ರೀ ಎಂದು ಹೆಸರು, ಕೇಶ್ವಾಪುರದ ಬ್ಯಾಂಕೊಂದರಲ್ಲಿ ಕೆಲಸ) ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ‘ಸರ್, ಚಿಂತಿ ಮಾಡಬ್ಯಾಡ್ರಿ. ನಿಮ್ಮ ಬೋಗುಣಿ ನಾ ಕಾಯ್ತೇನಿ’ ಎಂದಳು. ಮದುಮಗಳು ಕಾವಲುಗಾತಿ. ಇಂಥ ಭದ್ರತೆ ಯಾವ ವೇಧಶಾಲೆಗೂ ಇರಲಿಕ್ಕಿಲ್ಲ.

ಮದುವೆಗೆ ಹತ್ತು ನಿಮಿಷ ಹೋಗಿ, ಒಂದು ಗೋಡೆ ಗಡಿಯಾರ ಕೊಟ್ಟು, ಮೇಲೆ ಬಂದುಬಿಡುವುದೆಂದು ತೀರ್ಮಾನಿಸಿದ್ದೇನೆ.

ಮೇ ೫, ರವಿವಾರ

ಸೂರ್ಯನ ಮೈಮೇಲೆ ದೊಡ್ಡ ಕಲೆಗಳ ಗುಂಪು ಎದ್ದಿದೆ. ಪಟದಲ್ಲಿ ನೋಡಿ ಆನಂದಬಾಷ್ಪ ಬಂತು. ಅನ್ಯರ ಮೈಮೇಲಿನ ಕಲೆ ನೋಡಿ ಇಷ್ಟು ಸಂತೋಷಪಡುವುದು ಸಭ್ಯತೆಯಲ್ಲ, ಗೊತ್ತು.

ಆದರೆ ನಾಳೆಯಿಂದ ನನಗೆ ಚುನಾವಣೆ ಕರ್ತವ್ಯ. ನಾಡಿದ್ದು ಮತದಾನ. ಮರಳುವುದು ಬುಧವಾರವೇ. ಅಷ್ಟರಲ್ಲಿ ಯಾರಾದರೂ ಆಂಟೆನಾಗೆ ಕೈ ಹಚ್ಚಿದರೆ? ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕಂಬಕ್ಕೆ ಕಟ್ಟಿದೆ:

‘ಮದುವೆ ಮುಗಿಯುವವರೆಗೆ ಈ ಕಂಬವನ್ನು ಯಾರೂ ಮುಟ್ಟಬಾರದು.’

ಇದಕ್ಕಿಂತ ಸ್ಪಷ್ಟವಾಗಿ ಕನ್ನಡದಲ್ಲಿ ಬರೆಯಲು ಸಾಧ್ಯವಿಲ್ಲ.

ಮೇ ೮, ಬುಧವಾರ

ಇಷ್ಟು ಸ್ಪಷ್ಟವಾಗಿ ಬರೆಯಬಾರದಾಗಿತ್ತು.

ಬೆರಳಿಗೆ ಶಾಯಿ, ಕಣ್ಣಿಗೆ ನಿದ್ದೆ ಹಚ್ಚಿಕೊಂಡು ಬೆಳಿಗ್ಗೆ ಮನೆಗೆ ಬಂದು ಗಚ್ಚಿ ಹತ್ತಿದೆ. ನನ್ನ ಕಂಬ ಮದುಮಗಳಿಗಿಂತ ಮೊದಲು ಶೃಂಗಾರಗೊಂಡು ನಿಂತಿತ್ತು. ಮೈತುಂಬ ಅರಿಶಿನ, ಕುಂಕುಮದ ಬೊಟ್ಟು, ನಡುವಿಗೆ ಕಂಕಣ, ಮಾವಿನ ತೋರಣ, ಬುಡದಲ್ಲಿ ಹಾಲು-ತುಪ್ಪ ಸುರಿದ ಗುರುತು. ಗುಮ್ಮಟಕ್ಕೆ ವಿಭೂತಿಯ ಮೂರು ಬೆರಳು.

ನಡೆದದ್ದಿಷ್ಟು. ಹಂದರ ಹಾಕುವ ಮುಂಚೆ ಮೊದಲ ಕಂಬ ನೆಟ್ಟು ಪೂಜೆ ಮಾಡಬೇಕು. ಅದು ಹಂದರಗಂಬ. ಪೂಜೆಯಾದ ಮೇಲೆ ಮದುವೆ ಮುಗಿಯುವ ತನಕ ಅದನ್ನು ಅಲುಗಿಸುವಂತಿಲ್ಲ. ಸೋಮವಾರ ಬೆಳಿಗ್ಗೆ ಓಣಿಯ ಮುತ್ತೈದೆಯರೆಲ್ಲ ಆರತಿ ತಟ್ಟೆ ಹಿಡಿದು ಗಚ್ಚಿ ಹತ್ತಿದ್ದಾರೆ. ಕಾವಲುಗಾತಿ ಬ್ಯಾಂಕಿಗೆ ಹೋಗಿದ್ದಾಳೆ. ಹಂದರ ಹಾಕುವ ಮಕಬೂಲಸಾಬರು ಮತಗಟ್ಟೆಗಳಿಗೆ ಶಾಮಿಯಾನ ಹೊಡೆಯಲು ಹೋಗಿ ಇನ್ನೂ ಬಂದಿಲ್ಲ. ಆದರೆ ಗಚ್ಚಿಯ ನಡುವೆ ಒಂದು ಕಂಬ ನಿಂತಿದೆ. ನೆಟ್ಟಗಿದೆ, ಗಟ್ಟಿಯಾಗಿದೆ, ತುದಿಗೆ ಕಳಸದಂಥದ್ದು ಇದೆ. ಸಾಲದ್ದಕ್ಕೆ, ಮದುವೆ ಮುಗಿಯುವವರೆಗೆ ಮುಟ್ಟಬಾರದೆಂದು ಫಲಕ!

‘ಬ್ಯಾರೇದವ್ರಿಗೆ ಗೊತ್ತಾಗ್ಲಿಲ್ರಿ ಮಾಸ್ತರ. ನಾ ಕೆಳಗ ಹಾಲ ಕಾಸಾಕ ನಿಂತಿದ್ದೆ. ಮ್ಯಾಲೆ ಬರೋದ್ರಾಗ ಆರತಿನೂ ಮುಗಿದಿತ್ತು’ ಎಂದರು ಶಿವಲಿಂಗವ್ವ. ಪಶ್ಚಾತ್ತಾಪದ ಲಕ್ಷಣವೇನೂ ಮುಖದಲ್ಲಿರಲಿಲ್ಲ. ‘ಆದ್ರ ಪೂಜಾ ಭಾಳ ಛಲೋ ಆತು.’

ನನಗೆ ಮೊದಲು ಸಂತೋಷವೇ ಆಯಿತು. ಇನ್ನು ಕಂಬವನ್ನು ಯಾರೂ ಮುಟ್ಟುವಂತಿಲ್ಲವಲ್ಲ! ಸಂತೋಷ ಮಕಬೂಲಸಾಬರು ಮೆಟ್ಟಿಲು ಹತ್ತಿ ಬರುವ ತನಕ ಬಾಳಿತು.

‘ಸರ, ಅರ್ಧಾ ಗಚ್ಚಿ ಬಯಲು ಬಿಡಾಕ ಬರಂಗಿಲ್ರಿ ಈಗ’ ಎಂದರು ಅವರು, ಕಂಬಕ್ಕೆ ಗೌರವದಿಂದ ದೂರ ನಿಂತು. ‘ಪೂಜಾ ಆದ ಕಂಬಕ್ಕ ಹಂದರ ಕಟ್ಟಾಕಬೇಕು. ಕಂಬಾ ಒಂದ ಕಡೆ, ಹಂದರ ಇನ್ನೊಂದ ಕಡೆ ಅಂದ್ರ ಬೀಗರು ನಗ್ತಾರ. ನನ್ನ ಹೆಸರ ಕೆಡ್ತೈತಿ.’

ಅಂದರೆ ತಗಡು ಸರಿಯಾಗಿ ಆಂಟೆನಾದ ನೆತ್ತಿಯ ಮೇಲೆ. ಅತ್ತ ಸೂರ್ಯನ ಕಲೆ ಹಿಗ್ಗುತ್ತಿದೆ, ಯಾವ ಕ್ಷಣ ಸಿಡಿಯುವನೋ ತಿಳಿಯದು. ನಾನು ಗಚ್ಚಿಯ ಮೇಲೇ ಕುಕ್ಕರಿಸಿದೆ. ನೀಲಕಂಠಪ್ಪನವರಿಗೂ ಮುಜುಗರ. ಮಾತು ಕೊಟ್ಟವರು ಅವರು.

‘ತಗಡು ಬಿಟ್ಟು ಏನರೆ ಹಾಕ್ರಿ ಸಾವ್ಕಾರ್ರ. ಬಟ್ಟಿ ಹಾಕ್ರಿ. ಒಣಾ ಬಟ್ಟಿ ಇದ್ರ ಅಲೆ ಹಾಯ್ದು ಬರ್ತದ.’

‘ಎಂಥಾ ಬಟ್ಟಿ?’

‘ಹತ್ತೀದು ಆದ್ರೂ ನಡೀತದ.’

ಮೂರು ತಲೆಮಾರಿನಿಂದ ಹತ್ತಿಯನ್ನೇ ನಂಬಿದ ಮನುಷ್ಯನ ಮುಖ ಅರಳಿತು. ‘ಹತ್ತಿ ಹಂದರ! ಅಸಲಿ ಬಿಳೇ ಖಾದಿ ತರಸ್ತೇನಿ. ಧಾರವಾಡ ಮಂದಿ ನೋಡಬೇಕು.’ ಮರುಕ್ಷಣ ಮೋಡ ಕವಿದಂತೆ ನಿಂತರು. ‘ಆದ್ರ ಮಳಿ ಬಂದ್ರ?’

ಎಲ್ಲರೂ ನನ್ನತ್ತ ತಿರುಗಿದರು. ನನ್ನ ವಿಷಯ ಮೋಡದಿಂದ ಬಹಳ ಮೇಲಿನದು ಎಂದು ಮತ್ತೆ ಹೇಳಬೇಕಿತ್ತು. ಹೇಳುವಷ್ಟರಲ್ಲಿ ಬಾಯಿಯಿಂದ ಬೇರೆ ಮಾತು ಹೊರಬಿತ್ತು.

‘ಬರೂದಿಲ್ಲ.’

‘ಮಾಸ್ತರ ಹೇಳ್ಯಾರ, ಮಳಿ ಇಲ್ಲ’ ಎಂದು ಶಿವಲಿಂಗವ್ವ ಕೆಳಗಿನ ಅಂಗಳಕ್ಕೆ ಕೂಗಿ ಹೇಳಿದರು. ಸಂಜೆಯೊಳಗೆ ಓಣಿಗೆಲ್ಲ ಆ ಶಾಸನ ಪ್ರಕಟವಾಯಿತು. ಹಾಲಿನವನು ಸಹ ಕೇಳಿಕೊಂಡು ಹೋದ.

ದಂಡವಾಗಿ ನನಗೊಂದು ಜವಾಬ್ದಾರಿ ಬಿದ್ದಿದೆ. ಶನಿವಾರ ಗಚ್ಚಿಯ ಪಂಕ್ತಿಗಳ ಮೇಲ್ವಿಚಾರಣೆ ನನ್ನದು.

ಮೇ ೯, ಗುರುವಾರ

ಗದ್ದಲ ಕಡಿಮೆ ಮಾಡಿರೆಂದು ಹೇಳಲು ಕೆಳಗೆ ಹೋದೆ. ಮಾದಲಿ ಕುಟ್ಟುತ್ತಿದ್ದರು. ಗೋಧಿ, ಬೆಲ್ಲ, ಗಸಗಸೆ, ಪುಠಾಣಿ. ‘ಸಿಹಿ ಸಾಕಾ ನೋಡ್ರಿ’ ಎಂದು ಕೈಗೆ ಹಾಕಿದರು. ಒಂದು ಹಿಡಿಯಲ್ಲಿ ಹೇಗೆ ತಿಳಿಯುತ್ತದೆ? ವೈಜ್ಞಾನಿಕವಾಗಿ ಮೂರು ಮಾದರಿಯಾದರೂ ಬೇಕು. ಮೂರನ್ನೂ ಪರೀಕ್ಷಿಸಿದೆ. ಏಲಕ್ಕಿ ಕಮ್ಮಿ ಎಂದೆ. ಒಪ್ಪಿದರು. ಆಮೇಲೆ ಬಳ್ಳೊಳ್ಳಿ ಸುಲಿದೆ.

ರಜನಿ ಮೇಡಂ ಎರಡು ಸಲ ಫೋನ್ ಮಾಡಿದ್ದರಂತೆ. ಕೇಳಿಸಲಿಲ್ಲ.

ಮೇ ೧೦, ಶುಕ್ರವಾರ

ಸಿಡಿದ! ಒಮ್ಮೆಯಲ್ಲ, ಬೆನ್ನು ಬೆನ್ನಿಗೆ ಹಲವು ಸಲ!

ಮಧ್ಯಾಹ್ನ ಮೇಡಂ ಫೋನಿನಲ್ಲಿ ಹೆಚ್ಚುಕಡಿಮೆ ಕುಣಿಯುತ್ತಿದ್ದರು. ‘ಸರ್, ಸೂರ್ಯ ಉಗುಳಿದ್ದು ಒಂದರ ಬೆನ್ನ ಹಿಂದ ಒಂದು ಭೂಮಿ ಕಡೇನ ಬರ್ಲಿಕತ್ತದ. ಇವತ್ತ ರಾತ್ರಿ ಬಡೀತದ. ಇಪ್ಪತ್ತು ವರ್ಷದಾಗ ಇಂಥಾದ್ದು ಬಂದಿಲ್ಲ. ನಿಮ್ಮ ಬ್ಯಾಟರಿ ತುಂಬಿ ಅದನೋ ಇಲ್ಲೋ?’

‘ತುಂಬೇದರಿ.’

‘ಆಂಟೆನಾ?’

‘ಪೂಜಾ ಆಗೇದರಿ.’

ಏನು ಪೂಜೆ ಎಂದು ಅವರು ಕೇಳಿದರು. ವಿವರಿಸಲು ಸಮಯವಿರಲಿಲ್ಲ, ಬದನೆಕಾಯಿ ಬಂದಿದ್ದವು. ಎಣ್ಣೆಗಾಯಿಗೆ ಎಳೆಯವು ಬೇಕು. ನೀಲಕಂಠಪ್ಪನವರಿಗೆ ಹತ್ತಿ ತಿಳಿಯುತ್ತದೆ, ಬದನೆ ತಿಳಿಯುವುದಿಲ್ಲ. ಅರ್ಧ ಚೀಲವನ್ನು ನಾನೇ ವಾಪಸು ಕಳಿಸಿದೆ.

ಬಿಳಿ ಖಾದಿಯ ಹಂದರ ನಿಂತಿದೆ. ಅದರ ಕೆಳಗೆ ಸಂಜೆಯ ಬೆಳಕು ಹಾಲಿನ ಹಾಗೆ ಕಾಣುತ್ತದೆ. ಅಲೆಗಳೂ ಹಾಯ್ದು ಬರುತ್ತಿವೆ, ಪರೀಕ್ಷಿಸಿದೆ. ಮಕಬೂಲಸಾಬರು ಮಾತ್ರ ತಮ್ಮ ತಗಡುಗಳನ್ನು ಟೆಂಪೊದಿಂದ ಇಳಿಸಿ ಗಚ್ಚಿಯ ಮೂಲೆಯಲ್ಲಿ ಒಟ್ಟಿದ್ದಾರೆ. ‘ಇರ್ಲಿ ಸರ. ನಿಮ್ಮ ಮಾತಿನ ಮ್ಯಾಲೆ ನಂಬಿಗಿ ಐತಿ. ಮೋಡದ ಮ್ಯಾಲೆ ಇಲ್ಲ.’

ಈಗ ಊಟವಾಗಿದೆ. ಎಂಟು ವರ್ಷ ಕಾದ ಗಳಿಗೆ ಇನ್ನೇನು ಬರಲಿದೆ. ಬಿರುಗಾಳಿ ಬಡಿಯುವಾಗ ಗಣಕದ ಪರದೆಯ ಮುಂದೆ ಎಚ್ಚರವಾಗಿ ಕುಳಿತಿರಬೇಕು. ಅದಕ್ಕೂ ಮೊದಲು ಹತ್ತು ನಿಮಿಷ ಅಡ್ಡಾಗಿ ಏಳುತ್ತೇನೆ.

ಮೇ ೧೧, ಶನಿವಾರ

ಬ್ಯಾಂಡಿನ ಸಪ್ಪಳಕ್ಕೆ ಎಚ್ಚರವಾಯಿತು. ಬೆಳಗಾಗಿತ್ತು.

ಧೋತರ ಉಡುತ್ತ ಪರದೆ ನೋಡಿದೆ. ದಿನವೂ ಬಿಸಿಲು ಏರಿದಂತೆ ಅಯಾನುಗಳು ಹೆಚ್ಚಬೇಕು, ಗೆರೆ ಏರಬೇಕು. ಇಂದು ಏರಬೇಕಾದ ಹೊತ್ತಿನಲ್ಲಿ ಗೆರೆ ಮಲಗಿಬಿಟ್ಟಿತ್ತು. ಸೂರ್ಯ ಸಿಡಿದರೆ ಅಯಾನು ಉಕ್ಕುತ್ತವೆಂದು ನಾನು ಕಾದಿದ್ದೆ, ಅವು ಪರಾರಿಯಾಗಿದ್ದವು. ಅದ್ಭುತ! ಇದನ್ನು ಕೂತು ನೋಡಬೇಕು ಎನ್ನುವಷ್ಟರಲ್ಲಿ ಕೆಳಗಿನಿಂದ ‘ಮಾಸ್ತರ, ಬಾಳಿ ಎಲಿ ಎಲ್ಲಿ ಇಟ್ಟೀರಿ?’ ಎಂದು ಕೂಗಿದರು. ಎಲೆ ಎಲ್ಲಿದೆಯೆಂದು ನನಗೊಬ್ಬನಿಗೇ ಗೊತ್ತಿತ್ತು.

ಫೋಟೊ ತೆಗೆಯುವ ಸುಫಿಯಾನ ಡ್ರೋನ್ ಹಾರಿಸಲು ಸಿದ್ಧನಾಗಿದ್ದ. ನಾನು ಗಂಭೀರವಾಗಿ ಎಚ್ಚರಿಸಿದೆ.

‘ಇವತ್ತ ಬ್ಯಾಡೋ. ಅದಕ್ಕ ತಾ ಎಲ್ಲಿದ್ದೇನಿ ಅಂತ ತಿಳಿಯೋದು ಉಪಗ್ರಹದಿಂದ. ಇವತ್ತ ಸೂರ್ಯ ಕೆರಳ್ಯಾನ, ಅದು ದಾರಿ ತಪ್ತದ.’

‘ಸರ, ಸೂರ್ಯಾ ದಿನಾ ಇರ್ತಾನ್ರಿ.’

ಡ್ರೋನ್ ಏರಿತು. ಮದುಮಗನ ತಲೆಯ ಮೇಲೆ ಒಂದು ಸುತ್ತು ಹಾಕಿತು. ಆಮೇಲೆ ಏನೋ ನೆನಪಾದಂತೆ ಪಶ್ಚಿಮಕ್ಕೆ ಸರಿಯತೊಡಗಿತು. ಸುಫಿಯಾನ ಗುಂಡಿಗಳನ್ನು ಒತ್ತುತ್ತ ಹಿಂದೆ ಓಡಿದ, ಬ್ಯಾಂಡಿನವರು ಮೆರವಣಿಗೆ ಹೊರಟಿತೆಂದು ತಿಳಿದು ಅವನ ಹಿಂದೆ ಹೋದರು. ಅದು ಓಣಿಯ ಕೊನೆಯ ಮನೆಯ ಶಿದ್ದಪ್ಪನವರ ಮಾಳಿಗೆಯಲ್ಲಿ ಒಣಹಾಕಿದ್ದ ಸಂಡಿಗೆಯ ನಡುವೆ ನಿಧಾನವಾಗಿ ಇಳಿದು ಕುಳಿತಿತು. ಈ ಘಟನೆಯಿಂದ ನನ್ನ ಪ್ರತಿಷ್ಠೆ ಏರಿದ್ದು ನಿಜ. ಬೀಗರ ಕಡೆಯ ಹಿರಿಯರೊಬ್ಬರು ಬಂದು ತಮ್ಮ ಮೊಣಕಾಲು ನೋವಿಗೂ ಸೂರ್ಯನೇ ಕಾರಣವೇ ಎಂದು ಕೇಳಿದರು.

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದ ಮೇಲೆ ಊಟ. ಮೊದಲ ಪಂಕ್ತಿಯಲ್ಲಿ ರೊಟ್ಟಿ ಬರುವ ಮೊದಲೇ ಎಣ್ಣೆಗಾಯಿ ಬಡಿಸಿಬಿಟ್ಟರು. ತಿದ್ದಿದೆ. ಎರಡನೆಯ ಪಂಕ್ತಿಯಲ್ಲಿ ಹುಗ್ಗಿಗೆ ತುಪ್ಪ ಹಾಕುವವನು ಪರಿಚಯದವರ ಎಲೆಗೆ ಧಾರೆಯಾಗಿ, ಉಳಿದವರ ಎಲೆಗೆ ಹನಿಯಾಗಿ ಹಾಕುತ್ತಿದ್ದ. ತುಪ್ಪದ ಗಿಂಡಿ ನಾನೇ ಇಸಿದುಕೊಂಡೆ. ಎಲೆಯಿಂದ ಎಲೆಗೆ ಸಮನಾಗಿ ತುಪ್ಪ ಬೀಳಿಸುವುದು ಸುಲಭವಲ್ಲ. ಇಪ್ಪತ್ತೈದು ವರ್ಷದ ಪ್ರಯೋಗಶಾಲೆಯ ಅನುಭವ ಅಲ್ಲಿ ಕೆಲಸಕ್ಕೆ ಬಂತು.

ಮೂರನೆಯ ಪಂಕ್ತಿಯಲ್ಲಿ ಬೀಗರು ಕುಳಿತಿದ್ದರು. ಆಗ ಗಾಳಿ ಎದ್ದಿತು. ಖಾದಿಯ ಮೇಲಿನ ಬೆಳಕು ಬೂದಿಯಾಯಿತು. ನನ್ನ ಕೈಮೇಲೆ ಒಂದು ಹನಿ ಬಿತ್ತು. ಕಾಸಿನಗಲದ ಹನಿ. ನೀಲಕಂಠಪ್ಪನವರು ಮೆಟ್ಟಿಲ ಬಳಿ ನಿಂತು ನನ್ನನ್ನು ನೋಡಿದರು. ಬಾಯಿ ಬಿಟ್ಟು ಬೈದಿದ್ದರೆ ಎಷ್ಟೋ ಲೇಸಿತ್ತು.

‘ಮಕಬೂಲಸಾಬ್ರ, ತಗಡು ಏರಸ್ರೀ!’ ಎಂದೆ.

‘ಸರ, ನಿಮ್ಮ ಬೋಗುಣಿ...’

‘ಹುಗ್ಗಿಯೊಳಗ ನೀರು ಬಿದ್ರ ತಿನ್ನೋರು ಯಾರ್ರೀ? ಏರಸ್ರಿ ಲಗೂನ!’

ಅವರ ಆಳುಗಳು ಏರಿಸಿದರು, ನಾನೂ ಒಂದು ತುದಿ ಹಿಡಿದೆ. ಮಳೆ ತಗಡಿನ ಮೇಲೆ ಧಡಧಡ ಬಡಿಯುತ್ತಿತ್ತು, ಕೆಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಸುಮ್ಮನೆ ಉಂಡರು. ಬೀಗರು ಹುಗ್ಗಿ ಮೂರು ಸಲ ಹಾಕಿಸಿಕೊಂಡರು. ಒಂದು ಎಲೆಯೂ ತೋಯಲಿಲ್ಲ. ನಾನು ಉಂಡದ್ದು ಐದನೆಯ ಪಂಕ್ತಿಯಲ್ಲಿ, ನೀಲಕಂಠಪ್ಪನವರ ಪಕ್ಕಕ್ಕೆ. ಮಾದಲಿಗೆ ಏಲಕ್ಕಿ ಈಗ ಸರಿಯಾಗಿತ್ತು.

ಸಂಜೆ ಭಾಗ್ಯಾಳನ್ನು ಕಳಿಸಿಕೊಟ್ಟೆವು. ಕಾಲಿಗೆ ಬಿದ್ದು ‘ಕಾಕಾ, ಅವ್ವಗ ಬಿ.ಪಿ. ಗುಳಿಗಿ ನೆನಪ ಮಾಡ್ರಿ’ ಎಂದಳು. ಬೆಳಗಿನ ಅಕ್ಕಿಕಾಳೊಂದು ಆಗ ನನ್ನ ಕಣ್ಣಿಗೆ ಬಿತ್ತೆಂದು ಕಾಣುತ್ತದೆ.

ಕಾಲು ಬಹಳ ನೋಯುತ್ತಿವೆ. ಗಡಿಯಾರ ಕೊಡುವುದು ಮರೆತೇಹೋಯಿತು.

ಮೇ ೧೨, ರವಿವಾರ

ಮಕಬೂಲಸಾಬರು ಬೆಳಿಗ್ಗೆ ತಗಡು ಇಳಿಸಿದರು. ಸೂರ್ಯನ ಹೊಡೆತಕ್ಕೆ ಲಡಾಖಿನ ರಾತ್ರಿಯ ಆಕಾಶ ಕೆಂಪಾಗಿತ್ತಂತೆ, ಪತ್ರಿಕೆಯಲ್ಲಿ ಚಿತ್ರ ಬಂದಿದೆ. ‘ನಮ್ಮ ನವನಗರಕ್ಕ ಯಾಕ ಬರ್ಲಿಲ್ಲ? ನೀವು ಹೇಳಿದ್ರ ಬರ್ತಿತ್ತು’ ಎಂದು ಶಿವಲಿಂಗವ್ವ ತಗಾದೆ ತೆಗೆದರು. ಗುಳಿಗೆ ನೆನಪಿಸಿದೆ.

ಆಮೇಲೆ ದಾಖಲೆ ತೆರೆದೆ. ಶುಕ್ರವಾರ ರಾತ್ರಿಯ ಹೊಡೆತ ಇದೆ. ಶನಿವಾರ ಬೆಳಗಿನ ಕುಸಿತ ಇದೆ. ಶನಿವಾರ ಮಧ್ಯಾಹ್ನದಿಂದ ಇಂದು ಬೆಳಗಿನ ತನಕ ಏನೂ ಇಲ್ಲ, ಬರೀ ಬಿಳಿ. ಬಿರುಗಾಳಿ ಇಳಿಯುತ್ತ ಅಯಾನುಗಳು ಹೇಗೆ ಮರಳಿದವು ಎಂಬುದೇ ನನ್ನ ಐದನೆಯ ಅಧ್ಯಾಯದ ಉತ್ತರಾರ್ಧ. ಅದು ಹೋಯಿತು.

ಮೇಡಂಗೆ ಫೋನ್ ಮಾಡಿದೆ.

‘ಸರ್! ಎಂಟು ವರ್ಷ! ಮಳಿ ನಿಂತ ಮ್ಯಾಲಾದ್ರೂ ತಗಡು ತೆಗಸಬೇಕಿಲ್ರಿ?’

‘ನೆನಪಾಗ್ಲಿಲ್ರಿ.’

‘ನೆನಪಾಗ್ಲಿಲ್ಲಾ? ಇಲ್ಲಿ ನನಗ ಅಳು ಬರ್ಲಿಕತ್ತದ. ನಿಮಗ ಏನೂ ಅನಸ್ಲಿಕತ್ತಿಲ್ಲೇನು?’

ಅನ್ನಿಸಿತು. ‘ನಿಮಗಂತ ಒಂದು ಡಬ್ಬಿ ಮಾದಲಿ ಕೊಟ್ಟಾರರಿ’ ಎಂದೆ.

ಆ ಕಡೆ ಮೂಗು ಒರೆಸಿಕೊಂಡ ಸಪ್ಪಳ.

‘ಗಸಗಸಿ ಹಾಕ್ಯಾರೇನ್ರಿ?’ ಎಂದರು ಮೇಡಂ.

ಮೇ ೨೦, ಸೋಮವಾರ

ಮೇಡಂ ಜೊತೆ ಅಧ್ಯಾಯದ ಚರ್ಚೆ. ಖಾಲಿ ಜಾಗದ ಎರಡು ತುದಿಗಳನ್ನು ಚುಕ್ಕಿ ಗೆರೆಯಿಂದ ಸೇರಿಸಬಹುದು ಎಂದರು. ಅಂದಾಜು ಎಂದು ಕೆಳಗೆ ಬರೆದರೆ ತಪ್ಪಿಲ್ಲ, ಸಮಿತಿಯವರ ಕಣ್ಣಿಗೂ ಕುತ್ತುವುದಿಲ್ಲ. ಅವರೇ ಪೆನ್ಸಿಲಿನಿಂದ ನಯವಾಗಿ ಎಳೆದು ತೋರಿಸಿದರು. ನೋಡಲು ಚೆನ್ನಾಗಿತ್ತು.

‘ಬ್ಯಾಡರಿ, ಖಾಲಿ ಇರ್ಲಿ’ ಎಂದೆ.

‘ಯಾಕ್ರಿ ಸರ್? ಅಲ್ಲೇನೂ ಇಲ್ಲಲ್ಲ.’

‘ಇಲ್ಲ ಅಂತಲ್ಲರಿ. ಮೂರನೇ ಪಂಕ್ತಿ, ನಾಲ್ಕನೇ ಪಂಕ್ತಿ, ಐದನೇ ಪಂಕ್ತಿ ಅದ.’

ಅವರು ಪೆನ್ಸಿಲ್ ಕೆಳಗಿಟ್ಟರು. ಅಧ್ಯಾಯದ ಹೆಸರು ಈಗ ‘ಬಿರುಗಾಳಿಯ ಏರುಹಂತದಲ್ಲಿ ಅಯಾನುಗಳ ಕುಸಿತ’. ಇಳಿಹಂತದ ಬಗ್ಗೆ ನಮಗೆ ತಿಳಿದಿಲ್ಲ ಎಂದು ನೇರವಾಗಿ ಬರೆದಿದ್ದೇವೆ. ಅರ್ಧ ಬಿರುಗಾಳಿಗೆ ಪೂರ್ತಿ ಪಿಎಚ್.ಡಿ. ಕೊಡುತ್ತಾರೋ ಇಲ್ಲವೋ ಸಮಿತಿಯ ಮುಂದೆ ತಿಳಿಯುತ್ತದೆ. ಕೊಡದಿದ್ದರೆ ನನ್ನ ಅವಧಿ ಮುಗಿಯಿತು.

ಸಂಜೆ ಬೇಗ ಬರಬೇಕಾಯಿತು. ಭಾಗ್ಯಾ ಮತ್ತು ಅಳಿಯಂದಿರು ಊಟಕ್ಕೆ ಬರುವವರಿದ್ದರು.

ಜೂನ್ ೨೭, ಗುರುವಾರ

ಸಮಿತಿಯ ಮುಂದೆ ಪ್ರಬಂಧ ಮಂಡಿಸಿದೆ. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಎತ್ತರದ ಮನುಷ್ಯ, ನಗುವ ಅಭ್ಯಾಸವಿಲ್ಲದವರು. ಬೆಳಗಿನ ಕುಸಿತದ ಚಿತ್ರವನ್ನು ಬಹಳ ಹೊತ್ತು ನೋಡಿ ‘ಛಲೋ ಅದ’ ಎಂದರು. ಆಮೇಲೆ ಅವರ ಬೆರಳು ಬಲಕ್ಕೆ ಸರಿದು ಖಾಲಿ ಜಾಗದ ಮೇಲೆ ನಿಂತಿತು. ರಜನಿ ಮೇಡಂ ಕಣ್ಣು ಮುಚ್ಚಿಕೊಂಡರು.

‘ಇಲ್ಲಿ ಯಾಕ ದಾಖಲೆ ಇಲ್ಲ? ಯಂತ್ರ ಕೆಟ್ಟಿತ್ತೇನು?’

‘ಇಲ್ಲರಿ. ಯಂತ್ರ ಸರಿ ಇತ್ತು.’

‘ಕರೆಂಟ್ ಹೋಗಿತ್ತೇನು?’

‘ಇಲ್ಲರಿ. ಮಳಿ ಬಂತು. ಮಂದಿ ಉಣ್ಣಲಿಕ್ಕೆ ಕೂತಿದ್ರು. ಆಂಟೆನಾದ ಮ್ಯಾಲೆ ತಗಡು ಹಾಕಿಸ್ದೆ.’

‘ಹಾಕಿಸಿದ್ರಿ? ನೀವ?’

‘ಹೌದರಿ. ಮದವಿ ಇತ್ತು.’

ಅವರು ಕನ್ನಡಕ ತೆಗೆದರು. ನನ್ನ ಎಂಟು ವರ್ಷಗಳ ದುಡಿಮೆ ಆ ಕನ್ನಡಕದ ಒಂದು ಕಾಲಿನಲ್ಲಿ ತೂಗುತ್ತಿದ್ದಂತಿತ್ತು.

‘ಯಾರ ಮದವಿ?’

‘ನಮ್ಮ ಮನ್ಯಾಂದರಿ.’

‘ಹಂಗಾರ ಏನ್ ಮಾಡ್ಲಿಕ್ಕೆ ಬರ್ತದ, ಬಿಡ್ರಿ’ ಎಂದು ಅವರು ಮುಂದಿನ ಪುಟ ತಿರುವಿದರು. ಸಹಿಯಾಯಿತು. ಸೌರ ಭೌತಶಾಸ್ತ್ರದಲ್ಲಿ ಇಷ್ಟು ಚಿಕ್ಕ ಉತ್ತರಕ್ಕೆ ಇಷ್ಟು ಬೇಗ ಒಪ್ಪಿಗೆ ಸಿಕ್ಕ ಉದಾಹರಣೆ ನನಗೆ ತಿಳಿದಿಲ್ಲ.

ಹೊರಗೆ ಬಂದ ಮೇಲೆ ರಜನಿ ಮೇಡಂ ನನ್ನನ್ನೇ ಬಹಳ ಹೊತ್ತು ನೋಡುತ್ತ ನಿಂತರು. ಕಣ್ಣು ಒದ್ದೆಯಾಗಿದ್ದವು. ಯಾಕೆಂದು ತಿಳಿಯಲಿಲ್ಲ. ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಉತ್ತರಿಸಬೇಕಿತ್ತೇನೋ.